ಕ್ಯಾಥೋಡಿನ ವಿದ್ಯುದ್ವಾಹಕತೆ: ಒಂದು ಅಂಕೆಯ ವಿಮರ್ಶೆ

1. ಪ್ರಸ್ತಾವ

ತಿಪಟೂರು, ತುರುವೇಕೆರೆ ಮತ್ತು ಚಿಕ್ಕನಾಯಕನಹಳ್ಳಿ ತಾಲ್ಲೂಕುಗಳನ್ನು ನಾಡು ತೆಂಗಿನ ಸೀಮೆಯೆಂದು ಬಲ್ಲುದು. ಆ ತೋಟಗಳ ಮಗ್ಗುಲಲ್ಲಿಯೇ ಮತ್ತೊಂದು ಸಂಪತ್ತು ಇರುವುದು ಭೂವಿಜ್ಞಾನಿಗಳಿಗೆ ಬಹುಕಾಲದಿಂದ ತಿಳಿದ ಸಂಗತಿ. ಚಿತ್ರದುರ್ಗದ ಶಿಲಾಪಟ್ಟಿಯ ದಕ್ಷಿಣದ ಭಾಗವು ಚಿಕ್ಕನಾಯಕನಹಳ್ಳಿಯ ಗುಡ್ಡಗಳನ್ನು ಹಾದುಹೋಗುತ್ತದೆ. ಅಲ್ಲಿ ಕಬ್ಬಿಣದ ಅದಿರಿನ ಜೊತೆಗೆ ಮ್ಯಾಂಗನೀಸಿನ ಅದಿರೂ ದೊರೆಯುತ್ತದೆ. ಮೇಲೆ ತೆಂಗು, ಕೆಳಗೆ ಮ್ಯಾಂಗನೀಸು. ಈ ಎರಡನೆಯದು ನಮ್ಮ ಲೇಖನಕ್ಕೆ ನಿಮಿತ್ತವಾಗಿದೆ.

ಘನ ಆಕ್ಸೈಡ್ ಇಂಧನಕೋಶವೆಂಬ ವಿದ್ಯುದುತ್ಪಾದಕ ಯಂತ್ರದಲ್ಲಿ ಗಾಳಿಯ ಕಡೆಯ ಧ್ರುವವನ್ನು, ಎಂದರೆ ಕ್ಯಾಥೋಡನ್ನು, ಬಹುಕಾಲದಿಂದ ಒಂದು ಮ್ಯಾಂಗನೀಸ್ ಆಕ್ಸೈಡಿನಿಂದ ಮಾಡುತ್ತಾರೆ. ಲ್ಯಾಂಥನಮ್ ಮತ್ತು ಸ್ಟ್ರಾನ್ಷಿಯಮ್ ಕೂಡಿದ ಈ ವಸ್ತುವನ್ನು ಲ್ಯಾಂಥನಮ್ ಸ್ಟ್ರಾನ್ಷಿಯಮ್ ಮ್ಯಾಂಗನೈಟ್ ಎಂದು ಕರೆಯುವುದು ರೂಢಿ. ನೈಟ್ರೇಟುಗಳನ್ನು ಬೆರೆಸಿ, ಒಣಗಿಸಿ, ಸುಟ್ಟು, ಬಿಲ್ಲೆ ಒತ್ತಿ, ಕುಲುಮೆಯಲ್ಲಿ ಬೇಯಿಸಿದರೆ ಕೈಗೆ ಬರುವ ಪದಾರ್ಥವಾದ್ದರಿಂದ ಸ್ನಾತಕೋತ್ತರ ವಿದ್ಯಾರ್ಥಿಗಳ ಕಿರುಪ್ರಬಂಧಗಳಿಗೆ ಇದು ಅಚ್ಚುಮೆಚ್ಚಿನ ವಿಷಯ. ತಮ್ಮ ನೆಲದ ಲೋಹವೇ ಅದರಲ್ಲಿದೆಯೆಂಬ ಅಭಿಮಾನವೂ ತೆಂಗಿನ ಸೀಮೆಯ ವಿದ್ಯಾರ್ಥಿಗಳಲ್ಲಿ ಸೇರಿಕೊಳ್ಳುತ್ತದೆ. ಅಭಿಮಾನ ತಪ್ಪಲ್ಲ; ಸಂಶೋಧನೆಗೆ ಅದೂ ಒಂದು ಇಂಧನವೇ.

ಆದರೆ ಇಂಥ ಪ್ರಬಂಧಗಳ ಕೊನೆಯ ಅಧ್ಯಾಯದಲ್ಲಿ ಬಹುಮಟ್ಟಿಗೆ ಒಂದೇ ವಾಕ್ಯ ಕಾಣಿಸುತ್ತದೆ: ಈ ಪದಾರ್ಥದ ವಿದ್ಯುದ್ವಾಹಕತೆ ಇಷ್ಟು, ಆದ್ದರಿಂದ ಇದು ಕ್ಯಾಥೋಡಿಗೆ ಯೋಗ್ಯ. ಈ ‘ಇಷ್ಟು’ ಎಂಬ ಅಂಕೆ ಹೇಗೆ ಬಂದಿತು, ಈ ‘ಆದ್ದರಿಂದ’ ಎಂಬ ಮಾತು ನಿಲ್ಲುತ್ತದೆಯೇ ಎಂಬ ಎರಡು ಪ್ರಶ್ನೆಗಳೇ ಪ್ರಕೃತ ವಿಮರ್ಶೆಯ ವಿಷಯ. ಯಾವ ಒಬ್ಬ ವಿದ್ಯಾರ್ಥಿಯ ಪ್ರಬಂಧವನ್ನೂ ಇಲ್ಲಿ ಎತ್ತಿ ಆಡುವುದಿಲ್ಲ. ದೋಷ ಒಬ್ಬರದಲ್ಲ, ಪದ್ಧತಿಯದು. ಆ ಪದ್ಧತಿಯಲ್ಲಿ ನಮ್ಮ ಪಾಲೂ ಇದೆಯೆಂಬುದನ್ನು ಮುಂದೆ ಒಪ್ಪಿಕೊಳ್ಳುತ್ತೇವೆ.

2. ಹೆಸರಿನ ತೊಡಕು

ಕೋಶದ ಸ್ವರೂಪವನ್ನು ಸಂಕ್ಷೇಪವಾಗಿ ಹೇಳಬೇಕು. ನಡುವೆ ಜಿರ್ಕೋನಿಯದ ತೆಳುವಾದ, ಗಾಳಿಯಾಡದ ಹಾಳೆ. ಅದರೊಳಗೆ ನೂರಕ್ಕೆ ಎಂಟರಷ್ಟು ಇಟ್ರಿಯ ಬೆರೆತಿರುತ್ತದೆ. ಈ ಹಾಳೆ ಸುಮಾರು 800 ಡಿಗ್ರಿಯಿಂದ 1000 ಡಿಗ್ರಿ ಸೆಲ್ಸಿಯಸಿನ ಕಾವಿನಲ್ಲಿ ಆಕ್ಸಿಜನ್ ಅಯಾನುಗಳನ್ನು ಹಾಯಗೊಡುತ್ತದೆ, ಎಲೆಕ್ಟ್ರಾನುಗಳನ್ನು ತಡೆಯುತ್ತದೆ. ಇಂಥ ಆಕ್ಸೈಡನ್ನು ನೆರ್ನ್‌ಸ್ಟ್ ಮಹಾಶಯನು 1899ರ ಹೊತ್ತಿಗೆ ದೀಪದ ಕಡ್ಡಿಯಾಗಿ ಬಳಸಿದನು. ಬೌರ್ ಮತ್ತು ಪ್ರೈಸ್ ಎಂಬ ಇಬ್ಬರು 1937ರಲ್ಲಿ ಅದರಿಂದ ಇಂಧನಕೋಶವನ್ನು ನಡೆಸಿ ತೋರಿಸಿದರು. ಹಾಳೆಯ ಒಂದು ಕಡೆ ಇಂಧನಾನಿಲ, ಇನ್ನೊಂದು ಕಡೆ ಗಾಳಿ. ಗಾಳಿಯ ಕಡೆಯ ಧ್ರುವದಲ್ಲಿ ಆಕ್ಸಿಜನ್ ಅಣುವು ಹೊರಮಂಡಲದಿಂದ ಬಂದ ಎಲೆಕ್ಟ್ರಾನುಗಳನ್ನು ಪಡೆದು ಅಯಾನಾಗಿ ಹಾಳೆಯನ್ನು ಹೊಗುತ್ತದೆ. ಈ ಧ್ರುವವೇ ಕ್ಯಾಥೋಡು.

ನಮ್ಮ ಪಠ್ಯಪುಸ್ತಕಗಳು ಕ್ಯಾಥೋಡನ್ನು ‘ಋಣಾಗ್ರ’ವೆಂದೂ ಆನೋಡನ್ನು ‘ಧನಾಗ್ರ’ವೆಂದೂ ಕರೆಯುತ್ತ ಬಂದಿವೆ. ನೀರಿಗೆ ವಿದ್ಯುತ್ತನ್ನು ಹಾಯಿಸಿ ವಿಭಜಿಸುವಾಗ ಇದು ಸರಿಯೇ. ಆದರೆ ಇಂಧನಕೋಶವು ವಿದ್ಯುತ್ತನ್ನು ಉಣ್ಣುವುದಲ್ಲ, ಕೊಡುವುದು. ಅಲ್ಲಿ ಕ್ಯಾಥೋಡೇ ಧನಧ್ರುವ. ‘ಋಣಾಗ್ರ’ವೆಂದು ಕಲಿತ ವಿದ್ಯಾರ್ಥಿಯು ಕೋಶದ ಚಿತ್ರ ಬರೆಯುವಾಗ ಚಿಹ್ನೆಗಳನ್ನು ತಿರುವುಮುರುವು ಹಾಕುತ್ತಾನೆ, ಎಲೆಕ್ಟ್ರಾನುಗಳು ಎತ್ತಣಿಂದ ಎತ್ತ ಹೋಗುತ್ತವೆಯೆಂಬುದರಲ್ಲಿಯೇ ಎಡವುತ್ತಾನೆ. ತಪ್ಪು ಅವನದಲ್ಲ, ಪದದ್ದು. ಫ್ಯಾರಡೆ 1834ರಲ್ಲಿ ಹ್ಯೂವೆಲ್ ಪಂಡಿತನ ಸಲಹೆಯಂತೆ ಗ್ರೀಕಿನಿಂದ ತೆಗೆದ ‘ಕ್ಯಾಥೋಡ್’ ಎಂಬ ಶಬ್ದಕ್ಕೆ ಇಳಿಯುವ ದಾರಿಯೆಂದಷ್ಟೇ ಅರ್ಥ. ಅದರಲ್ಲಿ ಋಣವೂ ಇಲ್ಲ, ಧನವೂ ಇಲ್ಲ. ಅಪಕರ್ಷಣ ನಡೆಯುವ ಧ್ರುವ ಕ್ಯಾಥೋಡು, ಉತ್ಕರ್ಷಣ ನಡೆಯುವ ಧ್ರುವ ಆನೋಡು ಎಂಬ ಲಕ್ಷಣವು ಎಲ್ಲ ಕೋಶಗಳಿಗೂ ಒಪ್ಪುತ್ತದೆ. ಆದಕಾರಣ ಮೂಲ ಶಬ್ದವನ್ನೇ ಉಳಿಸಿಕೊಳ್ಳುವುದು ಲೇಸೆಂದು ನಮ್ಮ ಅಭಿಪ್ರಾಯ.

ಪದದ ವಿಷಯದಲ್ಲಿ ಇಷ್ಟು ನಿಷ್ಠುರವೇಕೆಂದು ಕೇಳುವವರಿಗೆ ತೆಂಗಿನ ಸೀಮೆಯಲ್ಲಿಯೇ ಉತ್ತರವಿದೆ. ‘ರಾಷ್ಟ್ರಪತಿ’ ಎಂಬ ಪದವನ್ನು ಸೂಚಿಸಿದವರೆಂದು ಪ್ರಸಿದ್ಧರಾದ, ‘ಭಾರತೀಯ ಕಾವ್ಯಮೀಮಾಂಸೆ’ಯ ಕರ್ತೃ ತೀ. ನಂ. ಶ್ರೀಕಂಠಯ್ಯನವರು (1906–1966) ಚಿಕ್ಕನಾಯಕನಹಳ್ಳಿ ತಾಲ್ಲೂಕಿನ ತೀರ್ಥಪುರದವರು. ಪದವನ್ನು ತೂಗಿ ನೋಡಿ ಬಳಸಬೇಕೆಂಬ ಪಾಠವನ್ನು ಆ ಸೀಮೆಯವರಿಗೆ ಹೊರಗಿನವರು ಹೇಳಬೇಕಾಗಿಲ್ಲ.

3. ವಾಹಕತೆಯ ಮೂಲ

ಮ್ಯಾಂಗನೈಟುಗಳು ಪೆರೊವ್‌ಸ್ಕೈಟ್ ಎಂಬ ಖನಿಜದ ರಚನೆಯುಳ್ಳವು. ಮ್ಯಾಂಗನೀಸ್ ಅಯಾನಿನ ಸುತ್ತ ಆರು ಆಕ್ಸಿಜನ್ ಅಯಾನುಗಳು. ಒಂದು ಮ್ಯಾಂಗನೀಸಿನಿಂದ ಮತ್ತೊಂದಕ್ಕೆ ಹೋಗಬೇಕಾದರೆ ನಡುವೆ ಒಂದು ಆಕ್ಸಿಜನ್ನನ್ನು ದಾಟಬೇಕು. ಶುದ್ಧವಾದ ಲ್ಯಾಂಥನಮ್ ಮ್ಯಾಂಗನೈಟಿನಲ್ಲಿ ಮ್ಯಾಂಗನೀಸು ಬಹುತೇಕ ತ್ರಿವೇಲೆನ್ಸಿಯದು. ಮೂರು ವೇಲೆನ್ಸಿಯ ಲ್ಯಾಂಥನಮಿನ ಜಾಗದಲ್ಲಿ ಎರಡು ವೇಲೆನ್ಸಿಯ ಸ್ಟ್ರಾನ್ಷಿಯಮನ್ನು ಕೂರಿಸಿದರೆ ಲೆಕ್ಕ ಸರಿದೂಗಿಸುವುದಕ್ಕಾಗಿ ಅಷ್ಟೇ ಸಂಖ್ಯೆಯ ಮ್ಯಾಂಗನೀಸ್ ಅಯಾನುಗಳು ನಾಲ್ಕು ವೇಲೆನ್ಸಿಗೆ ಏರುತ್ತವೆ. ಮೂರರ ಮ್ಯಾಂಗನೀಸಿನಿಂದ ನಾಲ್ಕರದಕ್ಕೆ ಎಲೆಕ್ಟ್ರಾನು ಜಿಗಿಯುವುದೇ ಇಲ್ಲಿ ವಿದ್ಯುತ್ಪ್ರವಾಹ. ಹಾಗೆ ಜಿಗಿಯುವ ಎಲೆಕ್ಟ್ರಾನು ತನ್ನ ಸುತ್ತಣ ಜಾಲಕವನ್ನು ತುಸು ಡೊಂಕುಮಾಡಿಕೊಂಡು ಸಾಗುವುದರಿಂದ ಪ್ರತಿ ಜಿಗಿತಕ್ಕೂ ಅಲ್ಪಸ್ವಲ್ಪ ಶಕ್ತಿ ಬೇಕು. ಈ ಮ್ಯಾಂಗನೈಟುಗಳಲ್ಲಿ ಅದು ಸುಮಾರು 0.1 ಎಲೆಕ್ಟ್ರಾನ್ ವೋಲ್ಟಿನಷ್ಟು. ಆದುದರಿಂದ ಕಾವು ಏರಿದಂತೆ ವಾಹಕತೆಯೂ ಏರುತ್ತದೆ.

ಯಾಂಕರ್ ಮತ್ತು ವಾನ್ ಸಾಂಟೆನ್ ಎಂಬ ಡಚ್ ವಿಜ್ಞಾನಿಗಳು 1950ರಲ್ಲಿ ಈ ಮಿಶ್ರ ಮ್ಯಾಂಗನೈಟುಗಳನ್ನು ವರ್ಣಿಸಿದರು. ಜೀನರ್ 1951ರಲ್ಲಿ ಅವುಗಳ ಕಾಂತತ್ವಕ್ಕೂ ವಾಹಕತೆಗೂ ಇರುವ ಸಂಬಂಧಕ್ಕೆ ಉಪಪತ್ತಿಯನ್ನು ಕೊಟ್ಟನು. ಇದು ದೂರದ ದೇಶದ ಕಥೆ ಮಾತ್ರವಲ್ಲ. ಬೆಂಗಳೂರಿನ ಭಾರತೀಯ ವಿಜ್ಞಾನ ಮಂದಿರದಲ್ಲಿ 1976ರಲ್ಲಿ ಘನಸ್ಥಿತಿ ಮತ್ತು ರಾಚನಿಕ ರಸಾಯನ ವಿಭಾಗವನ್ನು ಕಟ್ಟಿದ ಆಚಾರ್ಯ ಸಿ. ಎನ್. ಆರ್. ರಾವ್ ಅವರೂ ಅವರ ಶಿಷ್ಯರೂ ಇದೇ ಕುಲದ ಕೋಬಾಲ್ಟೈಟುಗಳನ್ನೂ ಮ್ಯಾಂಗನೈಟುಗಳನ್ನೂ ದಶಕಗಳ ಕಾಲ ಅಭ್ಯಸಿಸಿದ್ದಾರೆ. ತಿಪಟೂರಿನಿಂದ ರೈಲು ಹತ್ತಿದರೆ ಕೆಲವೇ ಗಂಟೆಗಳ ದೂರದಲ್ಲಿ ಇಂಥ ವಿದ್ಯಾಪರಂಪರೆಯಿರುವಾಗ, ನಮ್ಮ ಪ್ರಬಂಧಗಳಲ್ಲಿ ಅಳತೆಯ ಮೂಲಪಾಠವೇ ಸಡಿಲವಾಗಿರುವುದು ಸಲ್ಲದು.

4. ಅಳತೆಯಲ್ಲಿನ ಮೂರು ದೋಷಗಳು

ಮೊದಲನೆಯ ದೋಷವನ್ನು ನಮ್ಮ ಅನುಭವದಿಂದಲೇ ಹೇಳುತ್ತೇವೆ. ಹಿಂದೊಮ್ಮೆ ಒಂದು ಸೆಂಟಿಮೀಟರ್ ಉದ್ದದ, ಅರ್ಧ ಸೆಂಟಿಮೀಟರ್ ಚೌಕದ ಮ್ಯಾಂಗನೈಟ್ ಕಡ್ಡಿಯ ಎರಡು ತುದಿಗಳಿಗೆ ಪ್ಲಾಟಿನಮ್ ತಂತಿಗಳನ್ನು ಅಂಟಿಸಿ, ಕುಲುಮೆಯಲ್ಲಿಟ್ಟು, ಹೊರಗೆ ಸಾಮಾನ್ಯ ಮಲ್ಟಿಮೀಟರಿನಿಂದ ರೋಧವನ್ನು ಅಳೆದೆವು. ಸುಮಾರು ಒಂದು ಓಮ್ ಬಂದಿತು. ಲೆಕ್ಕ ಹಾಕಿದರೆ ವಾಹಕತೆ ಸೆಂಟಿಮೀಟರಿಗೆ 4 ಸೀಮೆನ್ಸ್. ಗ್ರಂಥಗಳಲ್ಲಿ ನೂರಕ್ಕೂ ಮಿಗಿಲಾದ ಅಂಕೆ ಇರುತ್ತಿರಲು ನಮಗೆ ನಾಲ್ಕೇ ಏಕೆ ಬಂದಿತೆಂಬುದಕ್ಕೆ ಕಣಗಳ ಸಂಧಿಗಳನ್ನು ಕಾರಣಮಾಡಿ ಒಂದು ಪುಟ ಬರೆದೆವು. ಮೇಲಾಗಿ ಕಾವು ಏರಿದಂತೆ ವಾಹಕತೆ ಇಳಿಯುತ್ತಿದ್ದುದನ್ನು ಕಂಡು ‘ಲೋಹಸದೃಶ ವರ್ತನೆ’ಯೆಂದು ಹಿಗ್ಗಿದೆವು. ಕಡೆಗೊಂದು ದಿನ ಕಡ್ಡಿಯನ್ನು ತೆಗೆದು ಎರಡು ತಂತಿಗಳನ್ನು ಒಂದಕ್ಕೊಂದು ಹೊಸೆದು ಕುಲುಮೆಗೆ ಇಟ್ಟಾಗಲೂ ಮೀಟರು ಅದೇ ಒಂದು ಓಮನ್ನು ತೋರಿಸಿತು. ಪ್ಲಾಟಿನಮ್ ತಂತಿಯ ರೋಧ ಕಾವಿನೊಡನೆ ಏರುತ್ತದೆ. ನಮ್ಮ ‘ಲೋಹಸದೃಶ ವರ್ತನೆ’ ನಿಜವಾಗಿಯೂ ಲೋಹದ್ದೇ ಆಗಿತ್ತು. ನಾವು ಅಳೆದದ್ದು ತಂತಿಯನ್ನು. ಆಕ್ಸೈಡಿನ ಹೆಸರಿನಲ್ಲಿ ಬರೆದದ್ದು ಆ ತಂತಿಯ ಚರಿತ್ರೆಯನ್ನು.

ಲೆಕ್ಕವನ್ನು ಮೊದಲೇ ಮಾಡಿದ್ದರೆ ಈ ಅಪಹಾಸ್ಯ ತಪ್ಪುತ್ತಿತ್ತು. ವಾಹಕತೆ 100 ಇರುವ ಅದೇ ಅಳತೆಯ ಕಡ್ಡಿಯ ರೋಧ 0.04 ಓಮ್. ಸಾಮಾನ್ಯ ಮಲ್ಟಿಮೀಟರು ತೋರಿಸುವ ಅತಿ ಸಣ್ಣ ಹೆಜ್ಜೆ 0.1 ಓಮ್. ಎಂದರೆ ನಾವು ಹುಡುಕುತ್ತಿದ್ದ ಪದಾರ್ಥವು ಆ ಉಪಕರಣದ ಕಣ್ಣಿಗೆ ಬೀಳುವಂತೆಯೇ ಇರಲಿಲ್ಲ. ಪರಿಹಾರವು ಹಳೆಯದು, ಅಗ್ಗವಾದದ್ದು: ನಾಲ್ಕು ತಂತಿಗಳ ಕ್ರಮ. ಹೊರಗಿನ ಎರಡರಿಂದ ಪ್ರವಾಹವನ್ನು ಹಾಯಿಸಿ, ಒಳಗಿನ ಎರಡರಿಂದ ವೋಲ್ಟೇಜನ್ನು ಓದಬೇಕು. ಒಳತಂತಿಗಳ ನಡುವಣ ಅಂತರ ಅರ್ಧ ಸೆಂಟಿಮೀಟರಿದ್ದು 100 ಮಿಲಿಆಂಪಿಯರ್ ಹಾಯಿಸಿದರೆ 2 ಮಿಲಿವೋಲ್ಟ್ ದೊರೆಯುತ್ತದೆ. ಅದನ್ನು ಓದುವ ಮಾಪಕ ಯಾವ ಕಾಲೇಜಿಗೂ ದುಬಾರಿಯಲ್ಲ. ಕುಲುಮೆಯೊಳಗಿನ ಕಾವಿನ ವ್ಯತ್ಯಾಸದಿಂದ ತಂತಿಗಳಲ್ಲಿಯೇ ಹುಟ್ಟುವ ಕಿರು ವೋಲ್ಟೇಜನ್ನು ಕಳೆಯಲು ಪ್ರವಾಹದ ದಿಕ್ಕನ್ನು ಬದಲಿಸಿ ಎರಡು ಬಾರಿ ಓದಬೇಕು. ಕಡ್ಡಿಯ ಬದಲು ಬಿಲ್ಲೆಯಿದ್ದರೆ ವಾನ್ ಡರ್ ಪೌ 1958ರಲ್ಲಿ ಕೊಟ್ಟ ವಿಧಾನವುಂಟು.

ಎರಡನೆಯ ದೋಷ ಸರಂಧ್ರತೆಯನ್ನು ಹೇಳದಿರುವುದು. ಇದನ್ನು ತಿಪಟೂರಿನ ಕೊಬ್ಬರಿಯ ಮಾರುಕಟ್ಟೆ ಬಲ್ಲವರಿಗೆ ವಿವರಿಸಬೇಕಾಗಿಲ್ಲ. ಕಾಯಿಯನ್ನು ತಿಂಗಳುಗಟ್ಟಲೆ ಅಟ್ಟದ ಮೇಲಿಟ್ಟು, ನೀರಿಂಗಿ, ಅಲ್ಲಾಡಿಸಿದರೆ ಒಳಗಿನ ಉಂಡೆ ಕದಲುವ ಸದ್ದು ಬಂದ ಮೇಲೆ ಸುಲಿಯುತ್ತಾರೆ. ತೇವ ಉಳಿದ ಕೊಬ್ಬರಿ ತಕ್ಕಡಿಯಲ್ಲಿ ಹೆಚ್ಚು ತೂಗುತ್ತದೆ. ಆದರೆ ತೂಕ ಮಾತ್ರ ನೋಡಿ ಬೆಲೆ ಕಟ್ಟುವ ವರ್ತಕ ಆ ಪೇಟೆಯಲ್ಲಿ ಬಾಳಲಾರ. ವಾಹಕತೆಗೂ ಇದೇ ನ್ಯಾಯ. ಬಿಲ್ಲೆಯೊಳಗೆ ನೂರಕ್ಕೆ 36 ಭಾಗ ರಂಧ್ರವಿದ್ದರೆ, ರೂಢಿಯಲ್ಲಿರುವ ಬ್ರುಗ್ಗೆಮಾನ್ ಸೂತ್ರದಂತೆ, ಅಳತೆಗೆ ಸಿಕ್ಕುವ ವಾಹಕತೆ ಗಟ್ಟಿ ಪದಾರ್ಥದ್ದರ ಸುಮಾರು ಅರ್ಧಕ್ಕಿಳಿಯುತ್ತದೆ. ಒಬ್ಬ ವಿದ್ಯಾರ್ಥಿ 1100 ಡಿಗ್ರಿಯಲ್ಲಿಯೂ ಇನ್ನೊಬ್ಬ 1300 ಡಿಗ್ರಿಯಲ್ಲಿಯೂ ಬೇಯಿಸಿ, ಇಬ್ಬರೂ ಸಾಂದ್ರತೆಯನ್ನು ಬರೆಯದೆ, ಸ್ಟ್ರಾನ್ಷಿಯಮಿನ ಪ್ರಮಾಣದಿಂದಲೇ ವ್ಯತ್ಯಾಸವಾಯಿತೆಂದು ವಾದಿಸಿದರೆ ಆ ವಾದಕ್ಕೆ ಆಧಾರವೇನು? ಬಿಲ್ಲೆಯ ತೂಕ, ವ್ಯಾಸ, ದಪ್ಪ ಈ ಮೂರನ್ನು ಬರೆದಿಡುವುದಕ್ಕೆ ಬೇಕಾದದ್ದು ತಕ್ಕಡಿಯೂ ವರ್ನಿಯರೂ ಮಾತ್ರ.

ಮೂರನೆಯದು ರೇಖಾಚಿತ್ರದ ದೋಷ. ಜಿಗಿತದ ಶಕ್ತಿಯನ್ನು ತೆಗೆಯುವುದಕ್ಕಾಗಿ ವಾಹಕತೆಯ ಲಘುಗಣಕವನ್ನು ನಿರಪೇಕ್ಷ ಉಷ್ಣತೆಯ ವ್ಯುತ್ಕ್ರಮಕ್ಕೆ ಎದುರಾಗಿ ಗುರುತಿಸುವುದು ಅನೇಕರ ಅಭ್ಯಾಸ. ಎಲೆಕ್ಟ್ರಾನು ಜಿಗಿದು ಸಾಗುವ ಪದಾರ್ಥದಲ್ಲಿ ವಾಹಕತೆಯನ್ನು ಉಷ್ಣತೆಯಿಂದ ಗುಣಿಸಿ, ಆ ಗುಣಲಬ್ಧದ ಲಘುಗಣಕವನ್ನು ಗುರುತಿಸಬೇಕು. ಈ ಭೇದ ಅಲ್ಪವೆಂದು ತೋರಬಹುದು. ಆದರೆ ಮೊದಲನೆಯ ರೀತಿಯಲ್ಲಿ ಬರುವ ಶಕ್ತಿಯು ನಿಜವಾದದ್ದಕ್ಕಿಂತ ಬೋಲ್ಟ್ಸ್‌ಮನ್ ನಿಯತಾಂಕ ಮತ್ತು ಉಷ್ಣತೆಗಳ ಗುಣಲಬ್ಧದಷ್ಟು ಕಡಿಮೆಯಾಗುತ್ತದೆ. 1000 ಕೆಲ್ವಿನಿನಲ್ಲಿ ಆ ಗುಣಲಬ್ಧ 0.086 ಎಲೆಕ್ಟ್ರಾನ್ ವೋಲ್ಟ್. ತೆಗೆಯಹೊರಟದ್ದೇ 0.1ರಷ್ಟಾದರೆ ದೋಷವು ಫಲದ ಬಹುಭಾಗವನ್ನು ನುಂಗಿಹಾಕುತ್ತದೆ, ಉಳಿಯುವುದು 0.014. ಇಂಥ ಪುಟ್ಟ ಅಂಕೆಯನ್ನು ಹಿಡಿದು ‘ನಮ್ಮ ಪದಾರ್ಥದಲ್ಲಿ ಎಲೆಕ್ಟ್ರಾನು ತಡೆಯಿಲ್ಲದೆ ಹರಿಯುತ್ತದೆ’ ಎಂದು ಬರೆಯುವುದು ನಮ್ಮನ್ನು ನಾವೇ ವಂಚಿಸಿಕೊಂಡಂತೆ.

5. ‘ಆದ್ದರಿಂದ’ ಎಂಬ ಮಾತು

ಅಂಕೆಯು ನಿರ್ದುಷ್ಟವಾಗಿ ಬಂದಿತೆಂದೇ ಇಟ್ಟುಕೊಳ್ಳೋಣ. ವಾಹಕತೆ ಹೆಚ್ಚಿದ್ದರೆ ಕ್ಯಾಥೋಡು ಉತ್ತಮವೆಂಬ ತೀರ್ಮಾನ ನಿಲ್ಲುವುದೇ?

ವಸ್ತುಗಳನ್ನು ಪಕ್ಕಪಕ್ಕದಲ್ಲಿ ಇಟ್ಟು ನೋಡಬೇಕು. ಲ್ಯಾಂಥನಮ್ ಸ್ಟ್ರಾನ್ಷಿಯಮ್ ಮ್ಯಾಂಗನೈಟಿನ ವಾಹಕತೆ 1000 ಡಿಗ್ರಿಯಲ್ಲಿ ನೂರರಿಂದ ಮುನ್ನೂರರೊಳಗೆ ಇರುತ್ತದೆ. ಅದೇ ಕುಲದ ಕೋಬಾಲ್ಟೈಟಿನದು ಸಾವಿರವನ್ನು ಮೀರುತ್ತದೆ. ವಾಹಕತೆಯೊಂದೇ ಪ್ರಮಾಣವಾದರೆ ಕೋಬಾಲ್ಟೈಟು ಎಲ್ಲ ಕಡೆಯೂ ಮ್ಯಾಂಗನೈಟನ್ನು ಹೊರದೂಡಿರಬೇಕಾಗಿತ್ತು. ಹಾಗಾಗಲಿಲ್ಲ. ಜಿರ್ಕೋನಿಯವು ಒಂದು ಡಿಗ್ರಿಗೆ ಹತ್ತು ಲಕ್ಷದಲ್ಲಿ ಸುಮಾರು 10.5 ಪಾಲು ಹಿಗ್ಗಿದರೆ ಮ್ಯಾಂಗನೈಟು 11 ಅಥವಾ 12 ಪಾಲು ಹಿಗ್ಗುತ್ತದೆ. ಕೋಬಾಲ್ಟೈಟಾದರೋ 20 ಪಾಲು ಅಥವಾ ಅದಕ್ಕೂ ಮಿಗಿಲು. ಹತ್ತು ಸೆಂಟಿಮೀಟರ್ ಅಗಲದ ಫಲಕವೊಂದು 800 ಡಿಗ್ರಿ ಕಾಯುವಷ್ಟರಲ್ಲಿ ಇವೆರಡರ ಹಿಗ್ಗಿನ ಅಂತರ ಹತ್ತಿರಹತ್ತಿರ 0.8 ಮಿಲಿಮೀಟರ್ ಆಗುತ್ತದೆ. ಒಂದಕ್ಕೊಂದು ಅಂಟಿದ ಎರಡು ಮಣ್ಣಿನ ಪದರಗಳು ಅಷ್ಟನ್ನು ತಾಳಲಾರವು, ಬಿರಿಯುತ್ತವೆ. ಮೇಲಾಗಿ ಕೋಬಾಲ್ಟೈಟು ಜಿರ್ಕೋನಿಯದೊಡನೆ ಸುಲಭವಾಗಿ ಪ್ರತಿಕ್ರಿಯಿಸಿ ಲ್ಯಾಂಥನಮ್ ಮತ್ತು ಸ್ಟ್ರಾನ್ಷಿಯಮ್ ಜಿರ್ಕೋನೇಟುಗಳ ಪೊರೆಯನ್ನು ಕಟ್ಟುತ್ತದೆ. ಆ ಪೊರೆ ವಿದ್ಯುತ್ತಿಗೂ ಅಯಾನಿಗೂ ಅಡ್ಡಗೋಡೆ.

ಇದಕ್ಕೆ ವಿರುದ್ಧವಾದ ನಿದರ್ಶನವೂ ಉಂಟು. ಶಾವೊ ಮತ್ತು ಹೈಲೆ ಎಂಬ ಇಬ್ಬರು ವಿಜ್ಞಾನಿಗಳು 2004ರಲ್ಲಿ ಬೇರಿಯಮ್, ಸ್ಟ್ರಾನ್ಷಿಯಮ್, ಕೋಬಾಲ್ಟ್, ಕಬ್ಬಿಣಗಳ ಒಂದು ಆಕ್ಸೈಡನ್ನು ಕ್ಯಾಥೋಡಾಗಿ ಬಳಸಿದರು. ಅದರ ವಾಹಕತೆ ಕೆಲವು ಹತ್ತುಗಳಷ್ಟು ಮಾತ್ರ. ಆದರೂ 600 ಡಿಗ್ರಿಯಲ್ಲಿಯೇ ಆ ಕೋಶ ಚದರ ಸೆಂಟಿಮೀಟರಿಗೆ ಒಂದು ವಾಟಿನಷ್ಟು ಸಾಮರ್ಥ್ಯವನ್ನು ಕೊಟ್ಟಿತು. ಕಾರಣವೇನೆಂದರೆ ಆ ಪದಾರ್ಥದಲ್ಲಿ ಎಲೆಕ್ಟ್ರಾನಿನ ಜೊತೆಗೆ ಆಕ್ಸಿಜನ್ ಅಯಾನೂ ಸರಾಗವಾಗಿ ಚಲಿಸುತ್ತದೆ. ಮ್ಯಾಂಗನೈಟಿನೊಳಗೆ ಅಯಾನಿಗೆ ಹೆಚ್ಚುಕಡಿಮೆ ಪ್ರವೇಶವೇ ಇಲ್ಲ. ಆದ್ದರಿಂದ ಅಲ್ಲಿ ಗಾಳಿ, ಮ್ಯಾಂಗನೈಟು, ಜಿರ್ಕೋನಿಯ ಈ ಮೂರೂ ಸಂಧಿಸುವ ಗೆರೆಯ ಮೇಲೆ ಮಾತ್ರ ಕೆಲಸ ನಡೆಯುತ್ತದೆ. ಬೇರಿಯಮ್ಮಿನ ಆಕ್ಸೈಡಿನಲ್ಲಾದರೆ ಧ್ರುವದ ಮೈಯೆಲ್ಲ ದುಡಿಯುತ್ತದೆ. ಅದಕ್ಕೂ ದೋಷಗಳಿಲ್ಲದೆ ಇಲ್ಲ: ಇಂಗಾಲದ ಡೈ ಆಕ್ಸೈಡು ತಗುಲಿದರೆ ಕೆಡುತ್ತದೆ. ಆದರೆ ವಾಹಕತೆಯ ಪಟ್ಟಿಯಲ್ಲಿ ಕೆಳಗಿದ್ದದ್ದು ಕೋಶದಲ್ಲಿ ಮೇಲೆ ಬಂದಿತೆಂಬುದು ನಿಸ್ಸಂದೇಹ.

ಹೀಗೇಕೆಂಬುದನ್ನು ಒಂದು ಲೆಕ್ಕ ತಿಳಿಸುತ್ತದೆ. ಕ್ಯಾಥೋಡಿನ ಪದರ 50 ಮೈಕ್ರಾನ್ ದಪ್ಪವೂ ಅದರ ವಾಹಕತೆ 100 ಸೀಮೆನ್ಸೂ ಇದ್ದರೆ, ದಪ್ಪವನ್ನು ದಾಟುವ ಪ್ರವಾಹಕ್ಕೆ ಒಂದು ಚದರ ಸೆಂಟಿಮೀಟರಿನಲ್ಲಿ ಎದುರಾಗುವ ರೋಧ 0.00005 ಓಮ್. ಹತ್ತು ಮೈಕ್ರಾನಿನ ಜಿರ್ಕೋನಿಯ ಹಾಳೆಯದು, ಅದರ ವಾಹಕತೆಯನ್ನು 0.02 ಎಂದಿಟ್ಟುಕೊಂಡರೆ, 0.05 ಓಮ್, ಸಾವಿರ ಪಟ್ಟು. ಆಕ್ಸಿಜನ್ನಿನ ಅಪಕರ್ಷಣ ಕ್ರಿಯೆಯೇ ಒಡ್ಡುವ ತಡೆಯನ್ನು 0.15 ಓಮಿಗಿಂತ ಕೆಳಗಿಳಿಸುವುದೇ ಈ ವಿದ್ಯೆಯಲ್ಲಿ ಸಾಮಾನ್ಯವಾದ ಗುರಿ. ಹೀಗಿರಲು ವಾಹಕತೆಯನ್ನು ನೂರರಿಂದ ಇನ್ನೂರಕ್ಕೆ ಏರಿಸಿದವನು ಉಳಿಸಿದ್ದು ನಾಲ್ಕನೆಯ ದಶಮಾಂಶಸ್ಥಾನದಲ್ಲಿಯೂ ಕಾಣದಷ್ಟು. ಒಂದು ವರ್ಷದ ದುಡಿಮೆ ಅಲ್ಲಿಗೆ ಹೋಯಿತೆಂದರೆ ಯಾರಿಗಾದರೂ ವ್ಯಸನವಾಗಬೇಕು.

ಕಾವ್ಯಮೀಮಾಂಸೆಯಲ್ಲಿ ಕ್ಷೇಮೇಂದ್ರನು ಔಚಿತ್ಯವೆಂಬ ತತ್ತ್ವವನ್ನು ಎತ್ತಿಹಿಡಿದನು. ಒಡವೆ ಎಷ್ಟೇ ಬೆಲೆಯುಳ್ಳದ್ದಾದರೂ ತೊಡುವ ಅಂಗಕ್ಕೆ ಒಪ್ಪದಿದ್ದರೆ ಅದು ಶೋಭಿಸದು. ಪದಾರ್ಥದ ಗುಣವೂ ಹಾಗೆಯೇ. ಯಾವ ಜಾಗದಲ್ಲಿ, ಯಾವುದರ ಪಕ್ಕದಲ್ಲಿ, ಎಷ್ಟು ಕಾಲ ಎಂಬುದನ್ನು ಬಿಟ್ಟು ಗುಣವನ್ನು ಹೊಗಳುವುದು ವಿಮರ್ಶೆಯಾಗಲಾರದು.

6. ಎದುರುವಾದ

ಇದನ್ನು ಓದಿದ ಅಧ್ಯಾಪಕರೊಬ್ಬರು ಹೀಗೆ ಕೇಳಬಹುದು: ಪೂರ್ತಿ ಕೋಶವನ್ನು ಕಟ್ಟಿ ನೋಡುವ ಸಾಧನ ತಾಲ್ಲೂಕಿನ ಕಾಲೇಜಿನಲ್ಲಿ ಎಲ್ಲಿದೆ? ಅಳೆಯಲು ಸಾಧ್ಯವಾದದ್ದು ವಾಹಕತೆಯೊಂದೇ. ಅದನ್ನೂ ಬೇಡವೆಂದರೆ ನಮ್ಮ ವಿದ್ಯಾರ್ಥಿಗಳು ಏನು ಮಾಡಬೇಕು?

ಇದು ನ್ಯಾಯವಾದ ಪ್ರಶ್ನೆ. ನಾವು ವಾಹಕತೆಯನ್ನು ಅಳೆಯಬೇಡಿರೆಂದು ಹೇಳುತ್ತಿಲ್ಲ. ಅದಕ್ಕೆ ಎರಡು ನಿಜವಾದ ಪ್ರಯೋಜನಗಳುಂಟು.

ಮೊದಲನೆಯದು, ಪ್ರವಾಹವು ಪದರದ ದಪ್ಪವನ್ನು ದಾಟದೆ ಪದರದ ಉದ್ದಕ್ಕೂ ಹರಿಯಬೇಕಾದ ಕೋಶಗಳಲ್ಲಿ ವಾಹಕತೆ ನಿರ್ಣಾಯಕವಾಗುತ್ತದೆ. ಅದೇ 50 ಮೈಕ್ರಾನಿನ ಪದರದಲ್ಲಿ ಸಂಗ್ರಾಹಕ ಲೋಹದ ಏಣಿನಿಂದ ಅತಿ ದೂರದ ಬಿಂದು ಒಂದು ಮಿಲಿಮೀಟರ್ ಆಚೆಗಿದ್ದರೆ ಒದಗುವ ಹೆಚ್ಚಿನ ರೋಧ 0.007 ಓಮಿಗಿಂತ ಮೇಲಲ್ಲ. ಆ ದೂರ ಒಂದು ಸೆಂಟಿಮೀಟರಾದರೆ ಅದು ನೂರು ಪಟ್ಟಾಗಿ 0.67 ಓಮಿಗೆ ಏರುತ್ತದೆ. ದೂರದ ವರ್ಗದಂತೆ ತಡೆ ಬೆಳೆಯುವುದೇ ಇದಕ್ಕೆ ಕಾರಣ. ಕೊಳವೆಯಾಕಾರದ ಕೋಶಗಳಲ್ಲಿ ಪ್ರವಾಹವು ಕೊಳವೆಯ ಸುತ್ತಳತೆಯನ್ನೇ ಬಳಸಿ ಬರಬೇಕಾದ್ದರಿಂದ ಅಲ್ಲಿ ಕ್ಯಾಥೋಡನ್ನು ದಪ್ಪವಾಗಿಯೂ ಸುವಾಹಕವಾಗಿಯೂ ಮಾಡಬೇಕಾಗುತ್ತದೆ. ‘ಆದ್ದರಿಂದ ಯೋಗ್ಯ’ ಎಂದು ಬರೆಯುವವನು ಯಾವ ಆಕಾರದ ಕೋಶಕ್ಕೆಂದು ಹೇಳಿದರೆ ಮಾತು ಅರ್ಥವತ್ತಾಗುತ್ತದೆ.

ಎರಡನೆಯದು, ವಾಹಕತೆಯು ಪದಾರ್ಥದ ಒಳಗನ್ನು ಇಣಿಕಿ ನೋಡುವ ಕಿಟಕಿ. ಕೋಬಾಲ್ಟ್ ಮತ್ತು ಕಬ್ಬಿಣ ಕೂಡಿದ ಪೆರೊವ್‌ಸ್ಕೈಟುಗಳಲ್ಲಿ ಸುಮಾರು 600 ಡಿಗ್ರಿಯವರೆಗೆ ವಾಹಕತೆ ಏರಿ, ಅನಂತರ ಇಳಿಯತೊಡಗುತ್ತದೆ. ಕಾವಿಗೆ ಜಾಲಕದಿಂದ ಆಕ್ಸಿಜನ್ನು ಹೊರಬೀಳುವುದರಿಂದ ಪ್ರವಾಹವನ್ನು ಹೊರುವವುಗಳ ಸಂಖ್ಯೆ ತಗ್ಗುತ್ತದೆ. ಏರುವಾಗಿನ ಗೆರೆಯೂ ಇಳಿಯುವಾಗಿನ ಗೆರೆಯೂ ಒಂದರ ಮೇಲೊಂದು ಬೀಳದಿದ್ದರೆ ಪದಾರ್ಥವು ಗಾಳಿಯೊಡನೆ ಇನ್ನೂ ಸಮತೋಲಕ್ಕೆ ಬಂದಿಲ್ಲವೆಂದು ತಿಳಿಯಬೇಕು. ಈ ಸಂಗತಿಗಳನ್ನೆಲ್ಲ ನಾಲ್ಕು ತಂತಿ, ಒಂದು ಕುಲುಮೆ ಮತ್ತು ತಾಳ್ಮೆಗಳಿಂದ ಕಾಣಬಹುದು. ಒಂದೇ ಉಷ್ಣತೆಯ ಒಂದೇ ಅಂಕೆಗಿಂತ ಇಂಥ ಗೆರೆಯೊಂದು ಎಷ್ಟೋ ಹೆಚ್ಚು ಹೇಳುತ್ತದೆ.

7. ನಮ್ಮ ಅದಿರು, ನಮ್ಮ ಕರಟ

ಇನ್ನು ಅಭಿಮಾನದ ಮಾತು. ಚಿಕ್ಕನಾಯಕನಹಳ್ಳಿಯ ಅದಿರಿನಿಂದ ಇಂಧನಕೋಶವೆಂಬ ಮಾತು ಕೇಳಲು ಇಂಪಾಗಿದೆ. ಆದರೆ ಐದರಲ್ಲಿ ಒಂದು ಪಾಲು ಸ್ಟ್ರಾನ್ಷಿಯಮ್ ಸೇರಿದ ಮ್ಯಾಂಗನೈಟನ್ನು ತೂಕದಿಂದ ಲೆಕ್ಕ ಹಾಕಿದರೆ ಅದರಲ್ಲಿ ಮ್ಯಾಂಗನೀಸು ನೂರಕ್ಕೆ 24 ಭಾಗಕ್ಕೂ ತುಸು ಕಡಿಮೆ. ಲ್ಯಾಂಥನಮ್ 48 ಭಾಗ. ಹೆಚ್ಚು ಬೇಕಾದದ್ದು, ಬೇರ್ಪಡಿಸಲು ಕಷ್ಟವಾದದ್ದು ಲ್ಯಾಂಥನಮೇ. ಅದು ಕೇರಳದ ಕಡಲತೀರದ ಮರಳಿನಲ್ಲಿರುವ ಮೋನಜೈಟಿನಂಥ ಖನಿಜದಿಂದ ಬರಬೇಕು. ಅದಿರಿನ ಮ್ಯಾಂಗನೀಸೂ ಇದ್ದಂತೆಯೇ ಒದಗುವುದಿಲ್ಲ. ಅದರೊಡನಿರುವ ಕಬ್ಬಿಣವು ಮ್ಯಾಂಗನೀಸಿನ ಜಾಗದಲ್ಲಿಯೇ ಕುಳಿತು ವಾಹಕತೆಯನ್ನು ತಗ್ಗಿಸುತ್ತದೆ; ಸಿಲಿಕವು ಲ್ಯಾಂಥನಮಿನೊಡನೆ ಸಿಲಿಕೇಟಾಗಿ ಕಣಗಳ ಸಂಧಿಗಳಲ್ಲಿ ತಡೆಯೊಡ್ಡಬಲ್ಲದು. ಈ ವಿಷಯಗಳನ್ನು ಮುಚ್ಚಿಟ್ಟು ಜನರಿಗೆ ಆಸೆ ಹುಟ್ಟಿಸುವುದು ವಿದ್ಯಾವಂತರ ಕೆಲಸವಲ್ಲ. ಗಣಿಯ ಹೆಸರಿನಲ್ಲಿ ಆಸೆಯನ್ನೂ ಅಳಲನ್ನೂ ಕಂಡ ನಾಡು ಇದು. ತುಮಕೂರು ಜಿಲ್ಲೆಯ ಕಬ್ಬಿಣದ ಗಣಿಗಾರಿಕೆಯನ್ನು ಸರ್ವೋಚ್ಚ ನ್ಯಾಯಾಲಯವು 2011ರಲ್ಲಿ ನಿಲ್ಲಿಸಿದ್ದನ್ನು ಮರೆಯುವಂತಿಲ್ಲ. ಇಲ್ಲಿಯ ಜನರಿಗೆ ನಾವು ಕೊಡುವ ಪ್ರತಿಯೊಂದು ಅಂಕೆಯೂ ನಿಂತ ನೆಲ ಗಟ್ಟಿಯಾಗಿರಬೇಕು.

ಆದರೆ ಇದರಲ್ಲಿಯೇ ಒಳ್ಳೆಯ ಪ್ರಬಂಧಗಳ ಬೀಜವಿದೆ. ಅದಿರಿನಿಂದ ತೆಗೆದು ಶುದ್ಧಿಮಾಡಿದ ಮ್ಯಾಂಗನೀಸು ಒಂದು ಕಡೆ, ಪೇಟೆಯಿಂದ ತಂದ ಶುದ್ಧ ರಾಸಾಯನಿಕ ಇನ್ನೊಂದು ಕಡೆ. ಎರಡರಿಂದಲೂ ಒಂದೇ ಕ್ರಮದಲ್ಲಿ ಕಡ್ಡಿಗಳನ್ನು ಮಾಡಿ, ಸಾಂದ್ರತೆ ಸಮನಾಗಿರುವಂತೆ ನೋಡಿಕೊಂಡು, ನಾಲ್ಕು ತಂತಿಗಳಿಂದ ಅಳೆದರೆ ಅಶುದ್ಧಿಯ ಪ್ರಭಾವ ತಾನಾಗಿ ಹೊರಬೀಳುತ್ತದೆ. ಫಲ ಅನುಕೂಲವಾಗಿ ಬರಲಿ, ಪ್ರತಿಕೂಲವಾಗಿ ಬರಲಿ, ಅದು ಹೊಸ ತಿಳಿವಳಿಕೆಯೇ.

ಮತ್ತೊಂದು ವಿಷಯ ತೆಂಗಿನದೇ. ಕ್ಯಾಥೋಡಿಗೆ ಗಾಳಿಯಾಡಲು ರಂಧ್ರಗಳು ಬೇಕು. ನೂರಕ್ಕೆ ಮೂವತ್ತು ನಲವತ್ತು ಭಾಗ ಟೊಳ್ಳಾಗಿರುವುದೇ ವಾಡಿಕೆ. ಅದಕ್ಕಾಗಿ ಪುಡಿಯಲ್ಲಿ ಇಂಗಾಲವನ್ನೋ ಗಂಜಿಪುಡಿಯನ್ನೋ ಬೆರೆಸಿ, ಬೇಯಿಸುವಾಗ ಉರಿದುಹೋಗುವಂತೆ ಮಾಡುತ್ತಾರೆ. ತೆಂಗಿನ ಕರಟದ ಇದ್ದಿಲನ್ನು ಅರೆದು, ಜರಡಿಯಿಂದ ಗಾತ್ರಗಳನ್ನು ಬೇರ್ಪಡಿಸಿ ಇದಕ್ಕೆ ಬಳಸಬಹುದಷ್ಟೆ? ಕರಟದ ಬೂದಿಯಲ್ಲಿ ಪೊಟ್ಯಾಸಿಯಮ್ ಮೊದಲಾದ ಲವಣಗಳಿವೆ. ಅವು ಧ್ರುವದಲ್ಲಿ ಉಳಿದರೆ ಕೇಡು. ಆದ್ದರಿಂದ ಆಮ್ಲದಲ್ಲಿ ತೊಳೆದ ಇದ್ದಿಲು ಒಂದು, ತೊಳೆಯದ್ದು ಒಂದು, ಇದ್ದಿಲು ಬೆರೆಸದ ಕಡ್ಡಿ ಮತ್ತೊಂದು, ಈ ಮೂರನ್ನು ಹೋಲಿಸಬೇಕು. ಸರಂಧ್ರತೆ ಏರಿದಂತೆ ವಾಹಕತೆ ಸೂತ್ರದ ಪ್ರಕಾರ ಇಳಿಯುವುದೋ, ಅದಕ್ಕಿಂತ ಬೇಗ ಇಳಿಯುವುದೋ ಎಂದು ನೋಡಬೇಕು. ಬೇಗ ಇಳಿದರೆ ಕಣಗಳ ಕೊರಳು ಸಣ್ಣದಾಗಿದೆ, ಇಲ್ಲವೇ ಬೂದಿ ಅಡ್ಡಬಂದಿದೆ. ಇಂಥ ಪ್ರಶ್ನೆಯನ್ನು ಕೇಳುವುದಕ್ಕೆ ತಿಪಟೂರಿಗಿಂತ ತಕ್ಕ ಸ್ಥಳ ಯಾವುದು?

8. ಅರಿಕೆ

ಮೇಲೆ ಹೇಳಿದ್ದರಿಂದ ಸಿದ್ಧವಾಗುವ ಸೂಚನೆಗಳು ಕೆಲವೇ. ವಾಹಕತೆಯ ಅಂಕೆಯನ್ನು ಬರೆಯುವಾಗ ಅದರ ಪಕ್ಕದಲ್ಲಿ ಉಷ್ಣತೆ, ಸುತ್ತಣ ಅನಿಲ, ಬಿಲ್ಲೆಯ ಸಾಂದ್ರತೆ, ಬೇಯಿಸಿದ ಕಾವು ಮತ್ತು ಕಾಲ, ತಂತಿಗಳ ಸಂಖ್ಯೆ ಮತ್ತು ಅಂತರ ಇವಿಷ್ಟೂ ಇರತಕ್ಕದ್ದು. ಅಳತೆಗೆ ಮೊದಲು, ಬರಬೇಕಾದ ರೋಧವೆಷ್ಟೆಂದು ಲೆಕ್ಕ ಮಾಡಿ ಉಪಕರಣಕ್ಕೆ ಅದು ಕಾಣುವುದೇ ಎಂದು ನೋಡತಕ್ಕದ್ದು. ಪದಾರ್ಥವನ್ನು ತೆಗೆದು, ತಂತಿಗಳನ್ನು ಮಾತ್ರ ಕಾಯಿಸಿ ಅಳೆದ ಒಂದು ಸಾಲು ಪ್ರತಿ ಪ್ರಬಂಧದಲ್ಲಿಯೂ ಇರತಕ್ಕದ್ದು. ಕೊನೆಯದಾಗಿ, ‘ಆದ್ದರಿಂದ ಕ್ಯಾಥೋಡಿಗೆ ಯೋಗ್ಯ’ ಎಂಬ ವಾಕ್ಯವನ್ನು ಹಿಗ್ಗಿನ ಅಳತೆಯನ್ನೂ ಜಿರ್ಕೋನಿಯದೊಡನೆ ಬೇಯಿಸಿದ ಪರೀಕ್ಷೆಯನ್ನೂ ಮಾಡುವವರೆಗೆ ತಡೆಹಿಡಿಯತಕ್ಕದ್ದು.

ಪರೀಕ್ಷಕರಾದ ನಮಗೂ ಒಂದು ಕರ್ತವ್ಯವಿದೆ. ದೊಡ್ಡ ಅಂಕೆಗೆ ಹೆಚ್ಚು ಗುಣಗಳನ್ನೂ ಸಣ್ಣ ಅಂಕೆಗೆ ಕಡಿಮೆ ಗುಣಗಳನ್ನೂ ಕೊಡುವ ಅಭ್ಯಾಸವನ್ನು ನಾವು ಬಿಡಬೇಕು. ವಿದ್ಯಾರ್ಥಿಯು ಅಂಕೆಯನ್ನು ಹಿಗ್ಗಿಸುವುದು ಹಲವು ವೇಳೆ ನಮ್ಮ ಮುಖವನ್ನು ನೋಡಿ. ‘ತಂತಿಯ ರೋಧವನ್ನು ಕಳೆದ ಮೇಲೆ ನನ್ನ ಪದಾರ್ಥದ ವಾಹಕತೆ 60 ಮಾತ್ರ, ಅದಿರಿನ ಕಬ್ಬಿಣವೇ ಕಾರಣವಿರಬಹುದು, ಸಾಂದ್ರತೆ ಇಷ್ಟು’ ಎಂದು ನಿರ್ಭಯವಾಗಿ ಬರೆದ ಪ್ರಬಂಧವೊಂದು ಆ ತೆಂಗಿನ ಸೀಮೆಯಿಂದ ಬಂದ ದಿನ ಅದಕ್ಕೆ ಮೊದಲ ದರ್ಜೆಯನ್ನು ಕೊಡುವ ಎದೆಗಾರಿಕೆ ನಮ್ಮಲ್ಲಿರಬೇಕು.